ಕೈಗವಸಿನ ಚಪ್ಪಾಳೆ

ಆ ಹಾಡನ್ನು ಹಾಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಐವತ್ತೈದು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ಈಗ ಕಥೆ ಹೇಳುವಾಗಲೂ ಕೊನೆಯವರೆಗೆ ಬಚ್ಚಿಟ್ಟರೆ ನನ್ನಂಥ ಕಳ್ಳಿ ಈ ಡೆಟ್ರಾಯ್ಟಿನಲ್ಲೇ ಇನ್ನೊಬ್ಬಳಿರಲಾರಳು.

ನನ್ನ ಹೆಸರು ಅರ್ನೆಸ್ಟೀನ್ ಗ್ಯಾಡಿಸ್, ಆದರೆ ಟೀನಿ ಎಂದು ಕೇಳಿದರೆ ಮಾತ್ರ ನಮ್ಮ ಬೀದಿಯಲ್ಲಿ ಮನೆ ತೋರಿಸುತ್ತಾರೆ. ವಯಸ್ಸು ಎಪ್ಪತ್ತೊಂದು. ನಮ್ಮ ಕಪ್ಪು ಜನರ ಲಿಟಲ್ ಗಿಲ್ಗಾಲ್ ಚರ್ಚಿನಲ್ಲಿ ಹದಿಮೂರನೆಯ ವಯಸ್ಸಿನಿಂದ ಬಾಗಿಲ ಸೇವೆಯವಳು. ಬಿಳಿ ಉಡುಪು, ಬಿಳಿ ಕೈಗವಸು, ಎಡಗೈ ಬೆನ್ನ ಹಿಂದೆ. ಬಂದವರನ್ನು ಸಾಲು ನೋಡಿ ಕೂರಿಸುವುದು, ಸೆಕೆಗೆ ಬೀಸಣಿಗೆ ಕೊಡುವುದು, ಭಕ್ತಿ ಮೈದುಂಬಿ ಬಿದ್ದವರನ್ನು ತಲೆ ಒಡೆಯದಂತೆ ಹಿಡಿಯುವುದು ನಮ್ಮ ಕೆಲಸ. ಬಾಗಿಲಲ್ಲಿ ನಿಂತವಳು ಹಾಡುವಂತಿಲ್ಲ, ಅದು ನಿಯಮ. ಚಪ್ಪಾಳೆ ತಟ್ಟಬಹುದು. ಹಾಗಾಗಿ ನಾನು ಹಾಡಬಲ್ಲೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹಾಡುವವಳು ಎಂದರೆ ನಮ್ಮ ಮನೆಯಲ್ಲಿ ಒಬ್ಬಳೇ, ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಅರ್ಲೀತಾ. ಅವಳು ಗಾಯನವೃಂದದ ಮುಂದಿನ ಸಾಲಿನಲ್ಲಿ ನಿಂತು ಬಾಯಿ ತೆರೆದರೆ ಫೋರ್ಡ್ ಕಾರ್ಖಾನೆಯಲ್ಲಿ ಎರಡು ಪಾಳಿ ದುಡಿದು ತೂಕಡಿಸುತ್ತಿದ್ದ ಗಂಡಸರೂ ಎದ್ದು ಕೂರುತ್ತಿದ್ದರು.

೧೯೬೭ರ ಏಪ್ರಿಲ್. ನನಗೆ ಹದಿನಾರು. ರೋಜೆಲ್ ಟಿಬ್ಸ್ ಎಂಬಾತ ನಮ್ಮ ಹಿಂದಿನ ಬೀದಿಯವನು. ವಾರವೆಲ್ಲ ಕಾರ್ಖಾನೆ, ಭಾನುವಾರ ಮಧ್ಯಾಹ್ನ ತನ್ನ ಮನೆಯ ನೆಲಮಾಳಿಗೆಯಲ್ಲಿ ಸೋಲ್ ಎಂಬ ಲೌಕಿಕ ಪ್ರೇಮದ ಹಾಡುಗಳ ಧ್ವನಿಮುದ್ರಣ. ಅವನ ಎರಡು ಕೂಸುಗಳನ್ನು ನೋಡಿಕೊಳ್ಳಲು ನಾನು ಹೋಗುತ್ತಿದ್ದೆ. ಅಂದು ತಿಂಗಳ ಮೂರನೆಯ ಭಾನುವಾರ, ಕಿರಿಯರ ಬಾಗಿಲ ಸೇವೆಯ ದಿನ. ಚರ್ಚಿನಿಂದ ಹಾಗೆಯೇ, ಸಮವಸ್ತ್ರದಲ್ಲೇ ಓಡಿದ್ದೆ. ಮೆಟ್ಟಿಲ ಮೇಲೆ ಕೂತು ಕೂಸನ್ನು ತಟ್ಟುತ್ತ ಏನೋ ಗುನುಗುತ್ತಿದ್ದೆನಂತೆ. ಕೆಳಗಿನಿಂದ ರೋಜೆಲ್ ತಲೆ ಎತ್ತಿ ನೋಡಿದ.

"ಏ ಹುಡ್ಗಿ, ಇನ್ನೊಂದ್ಸಲ ಹಾಡು."

"ನಾನು ಹಾಡೋಳಲ್ಲ."

"ನನ್ ಹಾಡೋಳು ಬಂದಿಲ್ಲ, ವಾದ್ಯದೋರು ಕೂತ್ಕೊಂಡು ನನ್ ಫ್ರಿಜ್ ಖಾಲಿ ಮಾಡ್ತಿದಾರೆ. ಅವ್ಳು ಬಂದಾಗ ಕೇಳಿ ಕಲಿಯೋಕೆ ಒಂದು ಮಾದರಿ ಬೇಕು ಅಷ್ಟೆ. ಆಮೇಲೆ ಅಳಿಸ್ಬಿಡ್ತೀನಿ."

ಅಳಿಸಿಬಿಡುತ್ತೇನೆ ಎಂದ ಮಾತನ್ನು ನಂಬಿ ಇಳಿದೆ. 'ಬಾಗಿಲಿಗೆ ಚಿಲಕ ಹಾಕಿಲ್ಲ, ಬಂದುಬಿಡು' ಎಂಬಂಥ ಹಾಡು. ಹದಿನಾರರ ಹುಡುಗಿಗೆ ಚಿಲಕದ ಮಹಿಮೆ ಏನು ಗೊತ್ತು? ನಾನು ದೇವರನ್ನು ಕರೆದ ಹಾಗೆಯೇ ಆ ಗಂಡಸನ್ನು ಕರೆದೆ. ಒಂದೇ ಸಲ ಹಾಡಿದ್ದು. ಮುಗಿದಾಗ ಬಾಸ್ ಗಿಟಾರ್ ಬಾರಿಸುವವನು ತಿನ್ನುತ್ತಿದ್ದ ಕೋಳಿಕಾಲನ್ನು ಕೆಳಗಿಟ್ಟಿದ್ದ. ಅಷ್ಟು ಸುಖ ನನ್ನ ಜನ್ಮದಲ್ಲಿ ಮುಂಚೆಯೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಲಿಲ್ಲ. ಮನೆಗೆ ಹೋಗಿ ಅಮ್ಮನಿಗೆ ಊಟಕ್ಕೆ ಬಡಿಸಿದೆ.

ಅಂದು ರೋಜೆಲ್ ಮನೆಯ ಪಕ್ಕದ ಮನೆಗೆ ಒಲೆ ರಿಪೇರಿಗೆ ಬಂದಿದ್ದ, ನಮ್ಮ ಚರ್ಚಿನ ಹಿರಿಯ ಡೀಕನ್ ಪರ್ವಿಸ್ ಗೋಡೆಗೆ ಕಿವಿ ಇಟ್ಟಿದ್ದ. ಮುಂದಿನ ವಾರವೇ ಆಗಿನ ಪಾಸ್ಟರ್ ರೆವರೆಂಡ್ ಸ್ಟಾಲ್‌ವರ್ತ್ ಮುಂದೆ ಹೋಗಿ, "ಗ್ಯಾಡಿಸ್ ಹುಡ್ಗಿ ಸೈತಾನನ ಹಾಡು ಹಾಡ್ತಿದ್ಲು, ಆ ಗಂಟಲು ನಂಗೊತ್ತಿಲ್ವಾ" ಎಂದ. ಗ್ಯಾಡಿಸ್ ಹುಡುಗಿಯರು ಇಬ್ಬರಿದ್ದೇವೆ ಎಂದು ಯಾರಿಗೂ ಹೊಳೆಯಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಅಂದಿನ ಕಾಲದಲ್ಲಿ ಚರ್ಚಿನ ಗಾಯಕಿ ಲೌಕಿಕದ ಹಾಡು ಹಾಡಿದರೆ ಗಾಯನವೃಂದದ ನಿಲುವಂಗಿ ಕಸಿದುಕೊಂಡು ಹಿಂದಿನ ಬೆಂಚಿಗೆ ಕಳಿಸುತ್ತಿದ್ದರು. ಅದೇನೂ ಗಲ್ಲು ಶಿಕ್ಷೆಯಲ್ಲ. ಒಂದು ತಿಂಗಳು ಕಳೆದ ಮೇಲೆ ಎಲ್ಲರ ಮುಂದೆ ಬಂದು, ತಪ್ಪಾಯಿತು ಎಂದು ಹೇಳಿ, ತಾನೇ ಒಂದು ಪ್ರಾರ್ಥನಾಗೀತೆ ಎತ್ತಿದರೆ ಸಭೆಯೂ ದನಿಗೂಡಿಸಿ ಹಾಡುತ್ತಿತ್ತು, ನಿಲುವಂಗಿ ವಾಪಸ್. ಎಷ್ಟೋ ಜನ ಹಾಗೆ ಹೋಗಿ ಬಂದಿದ್ದಾರೆ. ಒಬ್ಬಳಂತೂ ಮೂರು ಸಲ.

ಅಕ್ಕ ಎದ್ದು ನಿಂತು, "ನಾನು ಹಾಡಿಲ್ಲ. ಮಾಡದ ತಪ್ಪಿಗೆ ಕ್ಷಮೆ ಕೇಳಲ್ಲ. ನನ್ನ ಮಾತು ನಂಬೋವರೆಗೂ ಈ ಬಾಯಲ್ಲಿ ಹಾಡು ಬರಲ್ಲ" ಎಂದಳು. ಹಿಂದಿನ ಬೆಂಚಿಗೆ ಹೋಗಿ ಕೂತಳು. ಆ ಬೆಂಚು ಬಾಗಿಲ ಪಕ್ಕ. ನಾನು ನಿಲ್ಲುವ ಜಾಗದಿಂದ ಎರಡು ಮೊಳ.

ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ನಾನು ಒರೆಸಲಿಲ್ಲ, ಒರೆಸಿದ್ದನ್ನು ನೋಡಿ ಸುಮ್ಮನಿದ್ದೆ. ಅಮ್ಮನಿಗೆ ಎದೆನೋವಿತ್ತು, ಮುಂದಿನ ಭಾನುವಾರ ಹೇಳೋಣ ಎಂದುಕೊಂಡೆ. ಜುಲೈ ಬಂತು, ಊರಿಗೇ ಬೆಂಕಿ ಹಚ್ಚಿದ ದಂಗೆ ಬಂತು, ರೋಜೆಲ್ ಮನೆ ನೆಲಮಾಳಿಗೆ ಸಮೇತ ಸುಟ್ಟುಹೋಯಿತು, ಅವನು ಕುಟುಂಬ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋದ. ಹಾಡು ಬೂದಿಯಾಯಿತು, ಇನ್ನು ಯಾಕೆ ಕೆದಕುವುದು ಎನಿಸಿತು. ಆಮೇಲೆ ಪ್ರತಿ ವರ್ಷವೂ ಮುಂದಿನ ವರ್ಷ. ಅಕ್ಕ ಮದುವೆಯಾಗಿ ಫ್ಲಿಂಟ್‌ಗೆ ಹೋದಳು, ಭಾನುವಾರ ಮಾತ್ರ ಒಂದೂಕಾಲು ಗಂಟೆ ಕಾರು ಓಡಿಸಿಕೊಂಡು ಬಂದು ಅದೇ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ನನ್ನ ಮನೆಯ ಮಹಡಿಗೇ ಬಂದಳು. ಹನ್ನೊಂದು ವರ್ಷದಿಂದ ಬೆಳಿಗ್ಗೆ ಕಾಫಿ ಒಟ್ಟಿಗೆ, ಜಗಳ ಒಟ್ಟಿಗೆ. ಸೊಪ್ಪು ಬೇಯಿಸುವಾಗ ಅವಳ ಕಾಲು ನೆಲದ ಮೇಲೆ ತಾಳ ಹಾಕುತ್ತದೆ, ತುಟಿ ಮಾತ್ರ ಬಿಚ್ಚುವುದಿಲ್ಲ. ಆ ಮೌನವನ್ನು ಕೇಳುತ್ತ ನಾನು ಪಾತ್ರೆ ತೊಳೆದಿದ್ದೇನೆ. ಹಾಗೆ ಪಾತ್ರೆ ತೊಳೆಯುವುದು ಎಷ್ಟು ಕಷ್ಟವೆಂದು ಯಾರಿಗೂ ಹೇಳಲಾಗುವುದಿಲ್ಲ.

ಹೋದ ವಸಂತದಲ್ಲಿ, ಒಂದು ಭಾನುವಾರ, ಚರ್ಚಿನ ಕೆಳಮನೆಯಲ್ಲಿ ಎಲ್ಲರೂ ಕರಿದ ಮೀನು ತಿನ್ನುತ್ತಿದ್ದಾಗ ಒಬ್ಬ ಬಿಳಿಯ ಮುದುಕ ಬಂದ. ಡೆರಿಕ್ ಹಾಲ್ರಾಯ್ಡ್ ಅಂತೆ. ಇಂಗ್ಲೆಂಡಿನಲ್ಲಿ ಟಪಾಲು ಹಂಚುತ್ತಿದ್ದವನು, ಈಗ ನಿವೃತ್ತ. ಹದಿನೈದನೆಯ ವಯಸ್ಸಿನಿಂದ ನಮ್ಮ ಊರಿನ ಹಳೆಯ ಹಾಡುಗಳಿಗೆ ಕುಣಿದು ಕುಣಿದು ಮೊಣಕಾಲು ಕಳೆದುಕೊಂಡಿದ್ದಾನೆ. ಅಲ್ಲಿ ಅಂಥವರ ದೊಡ್ಡ ದಂಡೇ ಇದೆಯಂತೆ. ಎದೆಗೆ ಅವಚಿಕೊಂಡಿದ್ದ ಚಪ್ಪಟೆ ಪೆಟ್ಟಿಗೆಯಿಂದ ಒಂದು ಕಪ್ಪು ಗ್ರಾಮಫೋನ್ ತಟ್ಟೆ ತೆಗೆದ. ಸ್ಟುಡಿಯೋದವರು ಪರೀಕ್ಷೆಗೆಂದು ಕೊರೆಯುವ ತಟ್ಟೆ ಅದು. ಮೇಣದಷ್ಟು ಮೆದು, ಒಂದೊಂದು ಸಲ ನುಡಿಸಿದಾಗಲೂ ಒಂದಿಷ್ಟು ಸವೆಯುತ್ತದೆ. ಅದರ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು ಎರಡೇ ಪದ: ಗ್ಯಾಡಿಸ್ ಹುಡುಗಿ.

"ಕ್ಯಾಲಿಫೋರ್ನಿಯಾದಲ್ಲಿ ರೋಜೆಲ್ ಟಿಬ್ಸ್ ಮಗಳ ಅಟ್ಟದಲ್ಲಿ ಸಿಕ್ತು, ಮನೆ ಸುಡೋಕೆ ಮುಂಚೆನೇ ಕೊರೆಸಿಟ್ಟಿದ್ನಂತೆ" ಎಂದ ಡೆರಿಕ್. "ಮೂರು ವರ್ಷದಿಂದ ನಮ್ಮೋರೆಲ್ಲ ಈ ಹಾಡೋಳು ಯಾರು ಅಂತ ತಲೆ ಕೆಡಿಸ್ಕೊಂಡಿದೀವಿ. ಇಲ್ಲಿ ಗ್ಯಾಡಿಸ್ ಅಂತ ಯಾರಾದ್ರೂ...?"

ನನ್ನ ಕೈಯಲ್ಲಿದ್ದ ಜೋಳದ ಬ್ರೆಡ್ಡು ನೆಲಕ್ಕೆ ಬಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಗಂಟಲು ಮುಟ್ಟಿಕೊಂಡೆ. ಯಾರೂ ನೋಡಲಿಲ್ಲ. ಎಲ್ಲರೂ ಅಕ್ಕನ ಕಡೆ ತಿರುಗಿದ್ದರು.

ತಟ್ಟೆಯನ್ನು ಅವನು ನುಡಿಸಲಿಲ್ಲ, ಫೋನಿನಲ್ಲಿದ್ದ ನಕಲನ್ನು ಹಾಕಿದ. ಕೆಳಮನೆಯ ತುಂಬ ನನ್ನ ಹದಿನಾರು ವರ್ಷ ತುಂಬಿಕೊಂಡಿತು. ನಾನು ಗೋಡೆಗೆ ಒರಗಿದೆ.

ನಮ್ಮ ಚರ್ಚಿನಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಮದರ್ ಎನ್ನುತ್ತಾರೆ. ಮದರ್ ಹ್ಯಾಟಿಗೆ ತೊಂಬತ್ತಮೂರು, ಗಾಯನವೃಂದದ ಹಳೆಯ ಹುಲಿ. "ಅಯ್ಯೋ ದೇವ್ರೇ, ಅರ್ಲೀತಾ!" ಎಂದು ಅತ್ತೇಬಿಟ್ಟಳು. "ಅದೇ ಗಂಟಲು ಕಣ್ರೇ, ಅದೇ!"

ಅಕ್ಕ ಫೋರ್ಕು ಕೆಳಗಿಟ್ಟಳು. ಹಾಡು ಮುಗಿಯುವವರೆಗೂ ಅಲುಗಲಿಲ್ಲ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆಮೇಲೆ, "ಇದು ನಾನಲ್ಲ" ಎಂದಳು. ಐವತ್ತೈದು ವರ್ಷದ ಹಿಂದೆ ಹೇಳಿದ್ದು ಇದನ್ನೇ. ಆದರೆ ಆಗ ದನಿ ಗಟ್ಟಿಯಿತ್ತು.

ನಮ್ಮ ಈಗಿನ ಪಾಸ್ಟರ್ ಬ್ರೂಅರ್‌ಗೆ ಮೂವತ್ತಾರು. ಸೂಟಿನ ಕೆಳಗೆ ಆಟದ ಬೂಟು ಹಾಕುತ್ತಾನೆ. ಒಳ್ಳೆಯ ಹುಡುಗ, ಆದರೆ ಉತ್ಸಾಹ ಜಾಸ್ತಿ. "ಮದರ್ ಅರ್ಲೀತಾ, ಈಗ ಯಾರೂ ಏನೂ ಅನ್ನಲ್ಲ! ಇದು ಹೆಮ್ಮೆ ವಿಷಯ! ನಿಮ್ಗೆ ಅನ್ಯಾಯ ಆಗಿತ್ತು. ಬರೋ ಭಾನುವಾರ ಚರ್ಚಿನ ವಾರ್ಷಿಕೋತ್ಸವ, ಅವತ್ತೇ ಎಲ್ರ ಮುಂದೆ ನಿಮ್ಮನ್ನ ಕ್ಷಮಿಸಿ ನಿಲುವಂಗಿ ವಾಪಸ್ ಕೊಡೋಣ" ಎಂದ.

"ಕ್ಷಮಿಸೋದಾ?" ಎಂದಳು ಅಕ್ಕ. "ಏನಂತ ಕ್ಷಮಿಸ್ತೀಯಪ್ಪಾ? ನಾನು ಹಾಡಿಲ್ಲ ಅಂತಿದೀನಿ."

"ನೋಡಿ, ಎಂಥ ವಿನಯ!" ಎಂದು ಪಾಸ್ಟರ್ ಎಲ್ಲರನ್ನೂ ನೋಡಿ ನಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದು ಬೈಯುವಾಗ ಅವಳ ಮಾತು ನಂಬದವರು ಇಂದು ಹೊಗಳುವಾಗಲೂ ನಂಬಲಿಲ್ಲ.

ಮನೆಗೆ ಬಂದ ಮೇಲೆ ಅಕ್ಕ ಅಡುಗೆಮನೆಯಲ್ಲಿ ಕೂತು ಟೋಪಿ ತೆಗೆಯದೆ ಕಿಟಕಿ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕ, ಅದನ್ನ ಹಾಡಿದ್ದು ನಾನು."

ತಿರುಗಿ ನೋಡಿದಳು. ಅವಳು ಬಂದು ನನ್ನ ಕೆನ್ನೆ ತಟ್ಟಿದಳು.

"ನನ್ನ ಉಳಿಸೋಕೆ ಸುಳ್ಳು ಹೇಳ್ತಿದೀಯಲ್ಲೇ, ಪಾಪಿ. ನಿನ್ನ ದೊಡ್ಡ ಮನಸ್ಸು. ನೀನು ಬಚ್ಚಲಲ್ಲಿ ಗುನುಗಿದ್ರೆ ಪಕ್ಕದ್ಮನೆ ನಾಯಿ ಊಳಿಡುತ್ತೆ."

"ಈಗ ಹಂಗೆ. ಆಗ ಹಂಗಿರ್ಲಿಲ್ಲ. ಸಿಗರೇಟು, ಆಮೇಲೆ ಥೈರಾಯ್ಡ್ ಆಪರೇಷನ್ನು..."

"ಸಾಕು ಬಿಡು, ಟೀನಿ. ಹೋಗಿ ಮಲ್ಕೋ."

ಇದಕ್ಕಿಂತ ದೊಡ್ಡ ಶಿಕ್ಷೆ ದೇವರ ಬಳಿಯೂ ಇರಲಾರದು. ನಿಜ ಹೇಳಿ, ಅದನ್ನೇ ಪ್ರೀತಿಯ ಸುಳ್ಳೆಂದು ಹೊಗಳಿಸಿಕೊಳ್ಳುವುದು! ಮಾರನೆಯ ದಿನ ಪಾಸ್ಟರ್ ಕೋಣೆಗೆ ಹೋಗಿ ಹೇಳಿದೆ. ಅವನು ಎದ್ದು ಬಾಗಿಲು ಹಾಕಿ, ದನಿ ತಗ್ಗಿಸಿ, "ಮದರ್ ಟೀನಿ, ಅಕ್ಕ ತಂಗೀರಲ್ಲಿ ಒಂಚೂರು ಹೊಟ್ಟೆಕಿಚ್ಚು ಸಹಜ. ಪ್ರಾರ್ಥನೆ ಮಾಡೋಣ್ವಾ?" ಎಂದ. ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆಯನ್ನೂ ಮಾಡಿದ. ಅವನ ಬೂಟು ತುಳಿಯಬೇಕೆನಿಸಿತು, ತುಳಿಯಲಿಲ್ಲ.

ಆ ವಾರ ಅಕ್ಕ ಬೇರೆಯೇ ಆಗಿದ್ದಳು. ಬುಧವಾರ ಒಲೆಯ ಮೇಲೆ ಬಟಾಣಿ ಇಟ್ಟು ಮರೆತಳು. ಹೊಗೆ ತುಂಬಿತು, ಅಷ್ಟೇ. ಆದರೆ ಅವಳು ಸೀದ ಪಾತ್ರೆ ಹಿಡಿದು ನಿಂತ ರೀತಿ ನೋಡಿ ನನಗೆ ಅಮ್ಮನ ಕೊನೆಯ ದಿನಗಳು ನೆನಪಾದವು. ಅಮ್ಮ ಕೊನೆಗೆ ನಮ್ಮ ಹೆಸರನ್ನೂ ಮರೆತಿದ್ದಳು.

"ಟೀನಿ," ಎಂದಳು ಅಕ್ಕ ಮೆಲ್ಲಗೆ, "ಮನುಷ್ಯರು ಮಾಡಿದ್ದನ್ನೇ ಪೂರ್ತಿ ಮರ್ತುಬಿಡ್ತಾರಾ? ಚಿಕ್ಕ ವಯಸ್ಸಲ್ಲೇ?"

"ಯಾಕೆ?"

"ಆ ಹಾಡು ಕೇಳ್ದೆ ನೋಡು. ನಂದೇ ಗಂಟಲು. ನಾನೇ ಹೋಗಿ ಹಾಡಿದ್ನೇನೋ. ಅಮ್ಮಂಗಾದ ಹಂಗೆ ನಂಗೆ ಆಗ್ಲೇ ಶುರುವಾಗಿತ್ತೇನೋ. ಐವತ್ತೈದು ವರ್ಷ ಎಲ್ರೂ ಸರಿ, ನಾನೊಬ್ಳೇ ಸುಳ್ಳಿಯೇನೋ. ಭಾನುವಾರ ಅವ್ರು ಕ್ಷಮಿಸ್ತೀವಿ ಅಂದ್ರೆ ತಲೆ ಬಗ್ಗಿಸ್ಬಿಡ್ತೀನಿ."

ನನಗೆ ಜೀವ ಹೋದಂತಾಯಿತು. ನಿಲುವಂಗಿ ಹೋದರೆ ಹೋಯಿತು, ಹಾಡು ಹೋದರೆ ಹೋಯಿತು, ಈಗ ನಾನು ಅವಳ ಬುದ್ಧಿಯ ಮೇಲಿನ ನಂಬಿಕೆಯನ್ನೇ ತಿನ್ನುತ್ತಿದ್ದೆ. ಭಾನುವಾರ ಆ ತಲೆ ಬಗ್ಗಿದರೆ ಮತ್ತೆ ಏಳುವುದಿಲ್ಲ. ನಾನೇ ಹಾಡಿದ್ದೆಂದು ಮತ್ತೆ ಹೇಳಿದೆ, ಅಳುತ್ತ ಹೇಳಿದೆ. ಅವಳು ನನಗೇ ಸಮಾಧಾನ ಮಾಡಿದಳು.

ಗುರುವಾರ ಮಧ್ಯಾಹ್ನ ಡೆರಿಕ್ ಬಂದ. ಅಕ್ಕನಿಂದ ಒಂದು ಕಾಗದಕ್ಕೆ ಸಹಿ ಬೇಕಿತ್ತು, ಇಂಥವಳೇ ಹಾಡಿದ್ದು ಎಂದು. ಅಕ್ಕ ಸಿಹಿಗೆಣಸಿನ ಕಡುಬು ಕೊಟ್ಟಳು, ಪೆನ್ನು ಮುಟ್ಟಲಿಲ್ಲ. ಅವನು ಎರಡು ತುಂಡು ತಿಂದ, ಮೂರನೆಯದಕ್ಕೆ ನಾಚಿಕೊಂಡ.

"ಸಹಿ ಆಮೇಲೆ ನೋಡೋಣ ಮೇಡಂ," ಎಂದ. "ಒಂದು ವಿಷಯ ಮಾತ್ರ ಹೇಳ್ಬಿಡಿ, ನಮ್ಮೂರಲ್ಲಿ ಇದಕ್ಕೇ ಹೊಡೆದಾಟ ಆಗಿದೆ. ಹಾಡಿನ ಕೊನೇಲಿ ಒಂದು ಚಪ್ಪಾಳೆ ಬರುತ್ತಲ್ಲ, ಅದನ್ನ ಹೆಂಗೆ ಮಾಡಿದ್ರಿ? ಚಪ್ಪಾಳೆ ಅಂದ್ರೆ ಟಪ್ ಅಂತ ಚುರುಕಾಗಿರುತ್ತೆ. ಇದು ಧಪ್ ಧಪ್ ಅಂತ ಮೆತ್ತಗೆ. ಒಬ್ಬ ಒದ್ದೆ ಟವೆಲ್ ಅಂತಾನೆ. ಒಬ್ಬ ಟೆಲಿಫೋನ್ ಡೈರೆಕ್ಟರಿ ಮೇಲೆ ಹೊಡೆದಿದ್ದು ಅಂತಾನೆ. ನನ್ನ ಭಾವಮೈದ ಒಂದು ಸಂಜೆಯೆಲ್ಲ ಹಂದಿಮಾಂಸದ ಮೇಲೆ ಬಡಿದು ನೋಡ್ದ."

"ನಂಗೆ ಗೊತ್ತಿಲ್ಲಪ್ಪ," ಎಂದಳು ಅಕ್ಕ. ಆ ದನಿಯಲ್ಲಿ ಹೆದರಿಕೆಯಿತ್ತು. ಇದನ್ನೂ ಮರೆತೆನೋ ಎಂಬ ಹೆದರಿಕೆ.

ಡೆರಿಕ್ ಫೋನಿನಲ್ಲಿ ಆ ಭಾಗವನ್ನು ಹಾಕಿದ. ಧಪ್. ಧಪ್. ಧಪ್. ಭಾನುವಾರ ಕೆಳಮನೆಯಲ್ಲಿ ನನ್ನ ಕಿವಿ ನನ್ನ ಗಂಟಲಿನ ಮೇಲೆಯೇ ಇತ್ತು, ಚಪ್ಪಾಳೆ ಕೇಳಿಸಿರಲಿಲ್ಲ. ಈಗ ಕೇಳಿಸಿತು. ಅಯ್ಯೋ ನನ್ನ ಪೆದ್ದುತನವೇ!

ಎದ್ದು ನನ್ನ ಕೋಣೆಗೆ ಹೋದೆ. ಮೇಲಿನ ಡ್ರಾಯರು ಎಳೆದು, ಇಸ್ತ್ರಿ ಮಾಡಿಟ್ಟ ಬಿಳಿ ಕೈಗವಸು ತೆಗೆದು ಹಾಕಿಕೊಂಡೆ. ಅವಸರಕ್ಕೆ ಹೆಬ್ಬೆರಳು ಎರಡು ಸಲ ತಪ್ಪು ಜಾಗಕ್ಕೆ ಹೋಯಿತು. ಅಡುಗೆಮನೆಗೆ ಬಂದು, "ಮತ್ತೆ ಹಾಕಯ್ಯ" ಎಂದೆ.

ಹಾಡು ಶುರುವಾಯಿತು. ನಾನು ಬಾಗಿಲ ಸೇವೆಯವರು ತಟ್ಟುವ ಹಾಗೆ, ತಾಳಕ್ಕಿಂತ ಕೂದಲೆಳೆ ತಡವಾಗಿ, ಎದೆಯ ಎತ್ತರದಲ್ಲಿ ಕೈ ಹಿಡಿದು ತಟ್ಟಿದೆ. ಧಪ್. ಧಪ್. ಧಪ್. ಫೋನಿನದು ಯಾವುದು, ನನ್ನದು ಯಾವುದು ಎಂದು ಬೇರೆ ಮಾಡಲಾಗದಂತೆ ಎರಡೂ ಕೂಡಿಕೊಂಡವು.

ಡೆರಿಕ್ ಕಡುಬಿನ ತಟ್ಟೆಯ ಮೇಲೆ ಚಮಚ ಬೀಳಿಸಿದ. "ಕೈಗವಸು!" ಎಂದ. "ದೇವರಾಣೆ, ಕೈಗವಸು! ಹಂದಿಮಾಂಸ ಅಲ್ಲ!"

ಅಕ್ಕ ಅವನ ಕಡೆ ನೋಡಲಿಲ್ಲ. ಗಾಯನವೃಂದದವರು ಎಂದೂ ಕೈಗವಸು ಹಾಕುವುದಿಲ್ಲ. ಬಾಗಿಲ ಸೇವೆಯವರು ಮಾತ್ರ. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೈ ಚಾಚಿ ನನ್ನ ಎರಡೂ ಅಂಗೈಯನ್ನು ಹಿಡಿದಳು, ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ಮೂರನೇ ಭಾನುವಾರ" ಎಂದಳು.

"ಹೌದು."

"ಚರ್ಚಿಂದ ಹಂಗೇ ಓಡಿ ಹೋಗಿದ್ಯಾ? ಕೈಗವಸು ತೆಗೆಯೋದು ಮರ್ತೆ."

"ಮರ್ತೆ ಅಕ್ಕ."

ಅಕ್ಕ ನನ್ನ ಕೈ ಬಿಟ್ಟಳು. ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಡೆರಿಕ್ ತನ್ನ ಪೆಟ್ಟಿಗೆಯನ್ನು ಅವಚಿಕೊಂಡು ತುದಿಗಾಲಲ್ಲಿ ಹೊರಟುಹೋದ. ಬಾಗಿಲಲ್ಲಿ ನಿಂತು ನನ್ನ ಹೆಸರಿನ ಅಕ್ಷರ ಕೇಳಿ ಬರೆದುಕೊಂಡ.

ಶುಕ್ರವಾರ ಅವಳು ಇಳಿದು ಬರಲಿಲ್ಲ. ಮೀನು ಕರಿದು ಮೆಟ್ಟಿಲ ಮೇಲಿಟ್ಟೆ. ತಟ್ಟೆ ಖಾಲಿಯಾಗಿ ವಾಪಸ್ ಬಂತು, ಆದ್ದರಿಂದ ಬದುಕಿದ್ದಾಳೆ ಎಂದುಕೊಂಡೆ. ಶನಿವಾರ ಬೆಳಿಗ್ಗೆ ಬಂದು ತನ್ನ ಕುರ್ಚಿಯಲ್ಲಿ ಕೂತಳು. ನಾನು ಕಾಫಿ ಕೊಟ್ಟೆ.

"ಯಾಕೆ ಹೇಳ್ಲಿಲ್ಲ?"

ಎಲ್ಲ ಹೇಳಿದೆ. ಅಮ್ಮನ ಎದೆನೋವು, ದಂಗೆ, ಬೂದಿ, ಮುಂದಿನ ವರ್ಷ. ಹೇಳುತ್ತ ಹೋದಂತೆ ಒಂದೊಂದು ನೆಪವೂ ನನಗೇ ನಾಚಿಕೆ ತರಿಸಿತು. ಕೊನೆಗೆ ಉಳಿದದ್ದು ಒಂದೇ. "ಹೇಡಿ ಕಣೆ ನಾನು, ಅಷ್ಟೆ" ಎಂದೆ.

"ಹೌದು, ಹೇಡಿ" ಎಂದಳು. ಕಾಫಿ ಕುಡಿದಳು. "ನಿನ್ನ ಕತ್ತು ಹಿಸುಕ್ಬೇಕು ಅಂತ ಎರಡು ದಿನ ಅಂದ್ಕೊಂಡೆ. ಮಹಡಿ ಮೆಟ್ಟಿಲು ಜಾಸ್ತಿ, ಇಳಿಯೋಕೆ ಬೇಜಾರಾಯ್ತು." ಆಮೇಲೆ ಕಪ್ಪು ಕೆಳಗಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಹತ್ತಿರ ಹೋಗಲು ಹೆದರಿದೆ. ಆದರೆ ಕೈ ತೆಗೆದಾಗ ಆ ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು.

"ನನ್ನ ತಲೆ ಸರಿಯಾಗಿದೆ, ಟೀನಿ. ನಾನು ಹಾಡಿರ್ಲಿಲ್ಲ. ಹಾಡಿಲ್ಲ ಅಂದೆ, ಹಾಡಿರ್ಲಿಲ್ಲ. ನನ್ನ ತಲೆ ಸರಿಯಾಗೇ ಇದೆ!"

"ಸರಿಯಾಗಿದೆ ಅಕ್ಕ. ಬಟಾಣಿ ಸೀದಿದ್ದು ಬಿಟ್ರೆ."

"ಬಟಾಣಿ ಯಾರು ಬೇಕಾದ್ರೂ ಸೀಸ್ತಾರೆ." ಮೂಗು ಒರೆಸಿಕೊಂಡಳು. "ಈಗ ಕೇಳು. ನಾಳೆ ನೀನು ಎಲ್ರ ಮುಂದೆ ನಿಂತು ಹೇಳ್ತೀಯ. ಪದ್ಧತಿ ಪ್ರಕಾರ. ಹೇಳಿ, ನೀನೇ ಹಾಡು ಎತ್ತಬೇಕು."

"ಈ ಗಂಟ್ಲಲ್ಲಾ?"

"ಇರೋ ಗಂಟ್ಲಲ್ಲಿ. ಆ ಕೈಗವಸು ಇಲ್ಲಿ ಕೊಡು. ನಾಳೆ ಬಾಗಿಲು ನಾನು ಕಾಯ್ತೀನಿ."

ಭಾನುವಾರ ಅಕ್ಕ ನನ್ನ ಬಿಳಿ ಸಮವಸ್ತ್ರ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಎದೆಯ ಬಳಿ ಗುಂಡಿ ಹಾಕಲು ಆಗದೆ ಮೂರು ಪಿನ್ನು ಚುಚ್ಚಿದ್ದೆವು. ಅಷ್ಟು ಗತ್ತಿನಿಂದ ನಾನೂ ಎಂದೂ ನಿಂತಿಲ್ಲ. ತಡವಾಗಿ ಬಂದ ಇಬ್ಬರು ಡೀಕನ್ನರನ್ನು ಬರೀ ಬೆರಳೆತ್ತಿ ಹಿಂದಿನ ಬೆಂಚಿಗೆ ಕಳಿಸಿದಳು. ಪಾಸ್ಟರ್ ಬ್ರೂಅರ್ ನಿಲುವಂಗಿಯನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಕಾಯುತ್ತಿದ್ದ. ನಾನು ಎದ್ದು ಹೋಗಿ ಅವನ ಪಕ್ಕ ನಿಂತೆ. ಡೆರಿಕ್ ಎರಡನೆಯ ಸಾಲಿನಲ್ಲಿ ಟೈ ಕಟ್ಟಿಕೊಂಡು ಕೂತಿದ್ದ. ಅವನು ಮೊದಲೇ ಪಾಸ್ಟರಿಗೆ ಎಲ್ಲ ವಿವರಿಸಿ, ಹಾಡು ಹಾಕಿ ಚಪ್ಪಾಳೆಯನ್ನೂ ಕೇಳಿಸಿದ್ದನಂತೆ. ಬಿಳಿಯ ಮುದುಕ ಹೇಳಿದ ಮೇಲೆ ನಂಬಿದ ನಮ್ಮ ಪಾಸ್ಟರ್ ನನ್ನನ್ನು ನೋಡಲಾರದೆ ತನ್ನ ಬೂಟು ನೋಡಿಕೊಂಡ. ಅದಕ್ಕೆ ಇನ್ನೊಂದು ದಿನ ಅವನ ಕಿವಿ ಹಿಂಡುತ್ತೇನೆ.

"ಸಾವಿರದ ಒಂಬೈನೂರ ಅರವತ್ತೇಳರಲ್ಲಿ," ಎಂದೆ, "ರೋಜೆಲ್ ಟಿಬ್ಸ್ ಮನೇಲಿ ಹಾಡಿದ್ದು ನಾನು. ನಮ್ಮಕ್ಕ ಅಲ್ಲ. ನಮ್ಮಕ್ಕ ನಿಜ ಹೇಳಿದ್ಲು. ನಿಮ್ಮ ಕ್ಷಮೆ ಅವ್ಳಿಗೆ ಬೇಕಾಗಿಲ್ಲ. ಕೊಡೋದಿದ್ರೆ ನಂಗೆ ಕೊಡಿ. ಹಾಡಿದ್ದಕ್ಕಲ್ಲ, ಹಾಡಿದ್ದು ಚೆನ್ನಾಗೇ ಇತ್ತು. ಸುಮ್ನಿದ್ದಿದ್ದಕ್ಕೆ."

ಮದರ್ ಹ್ಯಾಟಿ ಕಿವಿಯ ಯಂತ್ರ ತಿರುಗಿಸಿ, "ಏನಂದ್ಲು? ಟೀನಿನಾ?" ಎಂದು ಜೋರಾಗಿ ಕೇಳಿದಳು. ಪಕ್ಕದವಳು ಕಿವಿಯಲ್ಲಿ ಹೇಳಿದಳು. ಮದರ್ ಹ್ಯಾಟಿ ತಿರುಗಿ ಬಾಗಿಲ ಕಡೆ ನೋಡಿ, ತನ್ನ ಕೋಲು ಊರಿ, ತೊಂಬತ್ತಮೂರರ ಮೊಣಕಾಲಲ್ಲಿ ಎದ್ದು ನಿಂತಳು. ಅವಳ ಹಿಂದೆ ಒಬ್ಬೊಬ್ಬರೇ ಎದ್ದರು. ನನ್ನ ಕಡೆ ಬೆನ್ನು ಮಾಡಿ ಎಲ್ಲರೂ ನನ್ನ ಅಕ್ಕನ ಕಡೆ ತಿರುಗಿ ನಿಂತರು. ಅವಳು ಎಡಗೈ ಬೆನ್ನ ಹಿಂದಿಟ್ಟು, ಗಲ್ಲ ಎತ್ತಿ, ಮುಂದೆ ನೋಡುತ್ತಿದ್ದಳು.

ಇನ್ನು ಹಾಡು. ಅಮ್ಮ ಬಟಾಣಿ ಸುಲಿಯುವಾಗ ಹಾಡುತ್ತಿದ್ದ ಹಳೆಯ ಪ್ರಾರ್ಥನೆಯನ್ನು ಎತ್ತಿಕೊಂಡೆ. ಮೊದಲ ಸಾಲು ಹೇಗೋ ಬಂತು. ಎರಡನೆಯ ಸಾಲಿನಲ್ಲಿ ಏರಬೇಕಾದ ಕಡೆ ಗಂಟಲು ಒಡೆಯಿತು. ಮುಂದಿನ ಸಾಲಿನ ಮಗುವೊಂದು ಕಿವಿ ಮುಚ್ಚಿಕೊಂಡಿತು. ಪದ್ಧತಿಯ ಪ್ರಕಾರ ಸಭೆ ದನಿಗೂಡಿಸಬೇಕು, ಆದರೆ ನಾನು ಹಿಡಿದ ಶ್ರುತಿ ಯಾವುದೆಂದು ಯಾರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಆದರೂ ನಿಲ್ಲಿಸಲಿಲ್ಲ. ಐವತ್ತೈದು ವರ್ಷ ನಿಲ್ಲಿಸಿದ್ದು ಸಾಕು ಎಂದು ಮೂರನೆಯ ಸಾಲಿಗೂ ಹೋದೆ. ಅದು ಎರಡನೆಯದಕ್ಕಿಂತ ಕೆಟ್ಟದಾಗಿತ್ತು.

ಅಕ್ಕನ ಮುಖ ನನಗೆ ಕಾಣುತ್ತಿತ್ತು. ಹಲ್ಲುನೋವು ಬಂದವಳ ಹಾಗೆ ಒಂದು ಕಣ್ಣು ಮುಚ್ಚಿದ್ದಳು. ಬಾಗಿಲಲ್ಲಿ ನಿಂತವಳು ಹಾಡುವಂತಿಲ್ಲ. ನಾಲ್ಕನೆಯ ಸಾಲಿಗೆ ನಾನು ಬಾಯಿ ತೆರೆದೆ, ಆದರೆ ಹಾಡು ಬಂದದ್ದು ಬಾಗಿಲಿನಿಂದ.

ಎಪ್ಪತ್ತೈದರ ದನಿ. ಅಂಚು ಸವೆದಿತ್ತು, ಶುರುವಿನಲ್ಲಿ ತುಕ್ಕು ಹಿಡಿದ ತಿರುಗಣಿಯಂತೆ ಕಿರುಗುಟ್ಟಿತು. ಆದರೆ ಶ್ರುತಿ ಅಲುಗಲಿಲ್ಲ. ನಾನು ಬೀಳಿಸಿದ ಹಾಡನ್ನು ನೆಲ ಮುಟ್ಟುವ ಮುಂಚೆ ಹಿಡಿದು, ಮೇಲೆತ್ತಿ, ಎಲ್ಲರ ಕೈಗೂ ಸಿಗುವ ಎತ್ತರದಲ್ಲಿಟ್ಟಳು. ಸಭೆ ಒಟ್ಟಿಗೆ ದನಿಗೂಡಿಸಿತು. ಅಕ್ಕ ಹಾಡುತ್ತ ನಡುದಾರಿಯಲ್ಲಿ ನಡೆದು ಬಂದಳು, ನನ್ನ ಕೈಗವಸು ತೊಟ್ಟ ಕೈಯಲ್ಲಿ ಧಪ್ ಧಪ್ ಎಂದು ತಾಳ ಹಾಕುತ್ತ. ನಾನು ಬಾಯಿ ಮುಚ್ಚಿಕೊಂಡು ಅತ್ತೆ. ಅಂಥ ಹಗುರವನ್ನು ನನ್ನ ಮೈ ಹಿಂದೆ ಕಂಡಿರಲಿಲ್ಲ.

ಹಾಡು ಮುಗಿದಾಗ ಅವಳು ನನ್ನ ಮುಂದೆ ನಿಂತಿದ್ದಳು, ಉಬ್ಬಸ ಪಡುತ್ತ. ಪಾಸ್ಟರ್ ನಿಲುವಂಗಿ ಚಾಚಿದ. ಅವಳು ಅದನ್ನು ನೋಡಲೇ ಇಲ್ಲ.

"ಹಾಡ್ಬಾರ್ದು ಅಂತ್ಲೇ ಬಂದಿದ್ದೆ ಕಣೇ," ಎಂದಳು ನನ್ನ ಕಿವಿಯಲ್ಲಿ. "ನಿನ್ನ ಮೂರನೇ ಸಾಲು ಕೇಳಿ ತಡ್ಕೊಳೋಕಾಗ್ಲಿಲ್ಲ."

"ನಾಲ್ಕನೇದು ಅದಕ್ಕಿಂತ ಕೆಟ್ಟದಾಗಿರ್ತಿತ್ತು," ಎಂದೆ.

"ಗೊತ್ತು," ಎಂದಳು ಅಕ್ಕ. ಕೈಗವಸು ಬಿಚ್ಚಿ ನನ್ನ ಕೈಗೆ ಕೊಟ್ಟಳು. "ಹೋಗು, ಬಾಗಿಲಲ್ಲಿ ಯಾರೂ ಇಲ್ಲ."